ಮಾರುಕಟ್ಟೆಯ ಅವಸರ ಮತ್ತು ಹೊಸ ಸರಕಿನ ಹುಟ್ಟು



ಹೊಸ ಉತ್ಪನ್ನವೊಂದನ್ನು ಬೇಗ ಮಾರುಕಟ್ಟೆಗೆ ತರಬೇಕೆಂಬ ಒತ್ತಡ ಆ ಉತ್ಪನ್ನದ ರೂಪವನ್ನೂ, ಅದನ್ನು ತಯಾರಿಸುವ ಕಂಪನಿಯ ಸಂಶೋಧನೆಯ ದಿಕ್ಕನ್ನೂ ಹೇಗೆ ತಿದ್ದುತ್ತದೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ಮ್ಯಾನೇಜ್‌ಮೆಂಟ್ ಪಠ್ಯಗಳಲ್ಲಿ ಇದಕ್ಕೆ ಉದಾಹರಣೆಗಳು ರಾಶಿ ಬಿದ್ದಿವೆ. ಹೆಚ್ಚಿನವು ಅಮೆರಿಕದವು, ಉಳಿದವು ಜಪಾನಿನವು. ಬೆಂಗಳೂರಿನ ಹೊರವಲಯದ ಈ ಮಾಕಳಿಯಲ್ಲಿ ನಿಂತವನು ಅಷ್ಟು ದೂರ ನೋಡಬೇಕಾಗಿಲ್ಲ. ಈ ತುಮಕೂರು ರಸ್ತೆಯ ಎಡಬಲದಲ್ಲಿ, ಜಾಲಹಳ್ಳಿಯಿಂದ ತುಮಕೂರಿನವರೆಗೆ, ಮೊದಲು ಬಂದು ಸೋತವರೂ ಇದ್ದಾರೆ, ತಡವಾಗಿ ಬಂದು ಗೆದ್ದವರೂ ಇದ್ದಾರೆ. ಆದ್ದರಿಂದ ನನ್ನ ಉದಾಹರಣೆಗಳನ್ನು ಬಹುಮಟ್ಟಿಗೆ ನಮ್ಮ ಸುತ್ತಮುತ್ತಲಿನಿಂದಲೇ ಆರಿಸಿಕೊಂಡಿದ್ದೇನೆ.

ಮಾತನ್ನು ಮೂರು ಪ್ರಶ್ನೆಗಳ ಸುತ್ತ ಕಟ್ಟಿಕೊಳ್ಳುತ್ತೇನೆ. ಮಾರುಕಟ್ಟೆಗೆ ಮೊದಲು ಬಂದವನಿಗೆ ನಿಜಕ್ಕೂ ದಕ್ಕುವುದೇನು? ಒಂದು ಉತ್ಪನ್ನ ತಡವಾಗುವಾಗ ಆ ಸಮಯ ಎಲ್ಲಿ ಕಳೆದುಹೋಗುತ್ತದೆ? ಅವಸರ ಮಾಡಿದಾಗ ಅದರ ಬೆಲೆಯನ್ನು ತೆರುವವರು ಯಾರು? ನನ್ನ ಅಭಿಪ್ರಾಯವನ್ನು ಮುಚ್ಚಿಟ್ಟು ಕೊನೆಗೆ ಹೇಳುವ ಉದ್ದೇಶವಿಲ್ಲ. ನಮ್ಮ ಕಂಪನಿಗಳು ಕಾಯುವ ಸಮಯವನ್ನು ಹಾಗೇ ಬಿಟ್ಟು ಕೆಲಸದ ಸಮಯವನ್ನು ಕತ್ತರಿಸುತ್ತಿವೆ. ಸಹಿಗಾಗಿ ಕಡತ ಮಲಗಿರುವ ಮೂರು ವಾರವನ್ನು ಯಾರೂ ಮುಟ್ಟುವುದಿಲ್ಲ. ಪರೀಕ್ಷೆಗೆಂದು ಇಟ್ಟ ಮೂರು ವಾರದ ಮೇಲೆ ಎಲ್ಲರಿಗೂ ಕಣ್ಣು. ಇದು ಯಾಕೆ ಹೀಗೆ ಎಂಬುದನ್ನು ಬಿಡಿಸಿ ನೋಡುವುದೇ ಈ ಉಪನ್ಯಾಸದ ಉದ್ದೇಶ.

ಮೊದಲ ಪ್ರಶ್ನೆಗೆ ಈ ಊರಿನಿಂದಲೇ ಆರಂಭಿಸೋಣ. ಹೊರಗಿನವರಿಗೆ ಮಾಕಳಿ ಎಂಬ ಹೆಸರು ಗೊತ್ತಿದ್ದರೆ ಅದಕ್ಕೆ ಕಾರಣ ಹಿಮಾಲಯ ಕಂಪನಿಯ ಡಬ್ಬಿಗಳ ಮೇಲಿನ ವಿಳಾಸ. ಈ ಸಂಸ್ಥೆ ಹುಟ್ಟಿದ್ದು ಇಲ್ಲಲ್ಲ. ಮೊಹಮ್ಮದ್ ಮನಾಲ್ ಎಂಬ ತರುಣ 1930ರಲ್ಲಿ ಡೆಹ್ರಾಡೂನ್‌ನಲ್ಲಿ ಇದನ್ನು ಸ್ಥಾಪಿಸಿದರು. ಬರ್ಮಾದ ಕಾಡಿನಲ್ಲಿ ಕೆರಳಿದ ಆನೆಗಳನ್ನು ಸಮಾಧಾನಪಡಿಸಲು ಜನ ಒಂದು ಬೇರನ್ನು ತಿನ್ನಿಸುವುದನ್ನು ಅವರು ಕಂಡರಂತೆ. ತಾಯಿಯ ಒಡವೆಯನ್ನು ಅಡವಿಟ್ಟು ಕೈಯಿಂದ ಒತ್ತುವ ಮಾತ್ರೆಯ ಯಂತ್ರವೊಂದನ್ನು ಕೊಂಡರಂತೆ. ಕಂಪನಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಕಥೆಯಿದು, ಹಾಗೆಂದೇ ಕೇಳಿಕೊಳ್ಳಿ. ಆ ಬೇರು ಸರ್ಪಗಂಧಿಯದು. ಅದರಿಂದ ಮಾಡಿದ ಸರ್ಪೀನಾ ಎಂಬ ರಕ್ತದೊತ್ತಡದ ಮಾತ್ರೆ 1934ರಲ್ಲಿ ಮಾರುಕಟ್ಟೆಗೆ ಬಂತು. ಈಗಿನ ಲೆಕ್ಕದಲ್ಲಿ ಇದು ಬೆರಗಿನ ವೇಗ. ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅವರು ಸರ್ಪಗಂಧಿಯ ಔಷಧ ಗುಣದ ಬಗ್ಗೆ ಬರೆದದ್ದು 1931ರಲ್ಲಿ. ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅವರು ಆ ಬೇರಿನಿಂದ ಆಲ್ಕಲಾಯ್ಡುಗಳನ್ನು ಬೇರ್ಪಡಿಸಿದ್ದೂ ಅದೇ ವರ್ಷ. ಅದಾಗಿ ಮೂರೇ ವರ್ಷದಲ್ಲಿ ಮಾತ್ರೆ ಅಂಗಡಿಯಲ್ಲಿತ್ತು.

ಮುಂದೇನಾಯಿತು ನೋಡಿ. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಮೇಲಿನ ಅನುಭವವನ್ನು ಕ್ರಮಬದ್ಧವಾಗಿ ದಾಖಲಿಸಿ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆಗ ಲೋಕ ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪೀನ್ ಎಂಬ ಶುದ್ಧ ಅಂಶವನ್ನು ತೆಗೆದರು. ಸ್ವಲ್ಪ ಕಾಲದಲ್ಲೇ ಅದು ಸರ್ಪಸಿಲ್ ಎಂಬ ಹೆಸರಿನಲ್ಲಿ ಜಗತ್ತಿನ ಆಸ್ಪತ್ರೆಗಳನ್ನು ಸೇರಿತು. ವಕೀಲರಿಗೆ 1957ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಮಾರುಕಟ್ಟೆಗೆ ಮೊದಲು ಬಂದದ್ದು ಸರ್ಪೀನಾ. ಹದಿನೆಂಟು ವರ್ಷ ಹಿಂದೆ ಬಿದ್ದಿದ್ದ ಸಿಬಾ ಬಂದ ಮೇಲೆ ಜಾಗತಿಕ ಮಾರುಕಟ್ಟೆ ಸಿಬಾದ್ದಾಯಿತು. ಯಾಕೆಂದರೆ ಸಿಬಾದ ಕೈಯಲ್ಲಿ ಮೂರು ವಸ್ತುಗಳಿದ್ದವು: ಪ್ರತಿ ಮಾತ್ರೆಯಲ್ಲೂ ಒಂದೇ ಪ್ರಮಾಣದಲ್ಲಿರುವ ಶುದ್ಧ ಅಂಶ, ವೈದ್ಯರು ನಂಬುವ ಪುರಾವೆ, ಮತ್ತು ಆ ಪುರಾವೆಯನ್ನು ಹತ್ತಾರು ದೇಶಗಳಿಗೆ ಒಯ್ಯುವ ಮಾರಾಟದ ಜಾಲ. ಡೆಹ್ರಾಡೂನಿನ ಒಂದು ಸಣ್ಣ ಸಂಸ್ಥೆಗೆ, ಅದೂ 1930ರ ದಶಕದ ಪರತಂತ್ರ ದೇಶದಲ್ಲಿ, ಇವು ಎಲ್ಲಿಂದ ಬರಬೇಕು? ಇದನ್ನು ಹಿಮಾಲಯದ ಸೋಲೆಂದು ನಾನು ಹೇಳುತ್ತಿಲ್ಲ. ಮೊದಲು ಬರುವುದರಿಂದ ಸಿಗುವುದು ಸ್ವಲ್ಪ ಬಿಡುವು ಮಾತ್ರ. ಆ ಬಿಡುವಿನಲ್ಲಿ ಪುರಾವೆ, ಗುಣಮಟ್ಟ, ವಿತರಣೆಗಳನ್ನು ಕಟ್ಟಿಕೊಳ್ಳದಿದ್ದರೆ ಅದು ಹಿಂದೆ ಬರುವವನಿಗೆ ದಾರಿ ಸವೆಸಿಕೊಟ್ಟಂತೆ.

ಆ ಪಾಠ ಸಂಸ್ಥೆಗೆ ತಿಳಿಯಿತೆಂದು ನನಗನ್ನಿಸುವುದು ಅದರ ಮುಂದಿನ ನಡೆಯಿಂದ. 1955ರಲ್ಲಿ ಬಂದ ಲಿವ್.52 ಇಂದಿಗೂ ಮಾರಾಟವಾಗುತ್ತಿದೆ. ಎಪ್ಪತ್ತು ವರ್ಷ ಒಂದೇ ಹೆಸರಿನ ಸರಕನ್ನು ಉಳಿಸಿಕೊಳ್ಳಲು ಓಟದ ವೇಗ ಸಾಲದು, ವೈದ್ಯರ ಮನೆಬಾಗಿಲು ಸವೆಸುವ ತಾಳ್ಮೆ ಬೇಕು. 1975ರಲ್ಲಿ ಕಂಪನಿ ಬೆಂಗಳೂರಿಗೆ ಬಂತು. 1999ರಲ್ಲಿ ಸೋಪು, ಶಾಂಪೂ, ಫೇಸ್‌ವಾಶ್‌ಗಳ ಮಾರುಕಟ್ಟೆಗೂ ಇಳಿಯಿತು. ಒಂದೇ ಸಂಸ್ಥೆಯಲ್ಲಿ ಎರಡು ಬಗೆಯ ಕಾಲಮಾನ ನಡೆಯಬೇಕಾಯಿತು. ಫೇಸ್‌ವಾಶ್‌ನ ಹೊಸ ಪರಿಮಳ ಬೇಸಿಗೆಗೆ ಮುಂಚೆ ಅಂಗಡಿ ಸೇರದಿದ್ದರೆ ಒಂದು ವರ್ಷ ಹೋಯಿತು. ಔಷಧದ ಮಾತು ಬೇರೆ. ಆಯುರ್ವೇದದ ಸ್ವಾಮ್ಯದ ಔಷಧಕ್ಕೆ ಪರವಾನಗಿ ಕೊಡುವುದು ರಾಜ್ಯದ ಪ್ರಾಧಿಕಾರ. ಹೊಸ ಅಲೋಪಥಿ ಅಣುವಿಗೆ ಬೇಕಾದಂಥ ಹಂತಹಂತದ ದೊಡ್ಡ ಪ್ರಯೋಗಗಳ ಕಟ್ಟುಪಾಡು ಅಲ್ಲಿಲ್ಲ. ಬಾಗಿಲು ಬೇಗ ತೆರೆಯುತ್ತದೆ ಎಂಬ ಕಾರಣಕ್ಕೇ ಪುರಾವೆಯ ಹೊಣೆ ಕಂಪನಿಯ ಆತ್ಮಸಾಕ್ಷಿಯ ಮೇಲೆ ಬೀಳುತ್ತದೆ. ಮೂಲಿಕೆ ಬೆಳೆಯುವ ಕಾಲವನ್ನಂತೂ ಯಾವ ಮಾರಾಟ ವಿಭಾಗವೂ ಕುಗ್ಗಿಸಲಾರದು. ಮಳೆಗೆ ಮುಂಚೆ ಕಿತ್ತ ಬೇರು ಮತ್ತು ಮಳೆಯ ನಂತರ ಕಿತ್ತ ಬೇರು ಒಂದೇ ಅಲ್ಲ. ಹೀಗಾಗಿ ಬಂದ ಪ್ರತಿ ಮೂಟೆಯನ್ನೂ ಪ್ರಯೋಗಾಲಯದಲ್ಲಿ ನೋಡಲೇಬೇಕು.

ಇದೇ ರಸ್ತೆಯ ಇನ್ನೊಂದು ಕಥೆ ಎಚ್‌ಎಂಟಿಯದು. ಜಾಲಹಳ್ಳಿಯಲ್ಲಿ 1953ರಲ್ಲಿ ಆರಂಭವಾದ ಈ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಕೆ ಶುರು ಮಾಡಿತು. 1978ರಲ್ಲಿ ತುಮಕೂರಿನಲ್ಲಿ ಇನ್ನೊಂದು ಗಡಿಯಾರ ಕಾರ್ಖಾನೆ ಬಂತು. ಈ ಸಭೆಯ ಹಿರಿಯರಲ್ಲಿ ಎಷ್ಟೋ ಜನರ ಮದುವೆಯ ಗಡಿಯಾರ ಎಚ್‌ಎಂಟಿಯದೇ ಇರಬೇಕು; ಅದಕ್ಕಾಗಿ ಹೆಣ್ಣಿನ ಕಡೆಯವರು ಪರಿಚಯದವರ ಮೂಲಕ ಶಿಫಾರಸು ಮಾಡಿಸಿದ್ದೂ ನೆನಪಿರಬೇಕು. ಗಿರಾಕಿಯೇ ಸಾಲಿನಲ್ಲಿ ನಿಂತು ಕಾಯುವ ಕಡೆ ಕಾರ್ಖಾನೆಗೆ ಅವಸರವೆಲ್ಲಿಂದ ಬರಬೇಕು? ಕ್ವಾರ್ಟ್ಜ್ ಗಡಿಯಾರದ ವಿಷಯದಲ್ಲಿ ಎಚ್‌ಎಂಟಿ ಹಿಂದಿತ್ತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. 1980ರ ದಶಕದ ಆರಂಭದಲ್ಲೇ ಎಚ್‌ಎಂಟಿ ಕ್ವಾರ್ಟ್ಜ್ ಗಡಿಯಾರ ತಂದಿತ್ತು. ತಂದು, ಅದನ್ನು ಪಕ್ಕಕ್ಕಿಟ್ಟು, ಕೀಲಿ ಕೊಡುವ ಗಡಿಯಾರದ ಯಂತ್ರಗಳ ಮೇಲೆ ಹಾಕಿದ ಬಂಡವಾಳವನ್ನು ಕಾಪಾಡಿಕೊಳ್ಳಲು ಹೊರಟಿತು. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ 1984ರಲ್ಲಿ ಕಟ್ಟಿದ ಟೈಟನ್‌ಗೆ ಕಾಪಾಡಿಕೊಳ್ಳಬೇಕಾದ ಹಳೆಯದು ಏನೂ ಇರಲಿಲ್ಲ. ಹೊಸೂರಿನಲ್ಲಿ ಕಾರ್ಖಾನೆ ಹಾಕಿ, ಕ್ವಾರ್ಟ್ಜ್ ಒಂದನ್ನೇ ನೆಚ್ಚಿಕೊಂಡು, 1987ರಲ್ಲಿ ಮಾರುಕಟ್ಟೆಗೆ ಬಂತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಅದೇ ಟೈಟನ್ 2002ರಲ್ಲಿ ಎಡ್ಜ್ ಎಂಬ ಗಡಿಯಾರವನ್ನು ಬಿಡುಗಡೆ ಮಾಡಿತು. ಇಡೀ ಗಡಿಯಾರದ ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್, ಅದರ ಮೇಲೆ ನೀರೂ ಒಳಗೆ ಹೋಗಬಾರದು. ಇದನ್ನು ಸಾಧಿಸಲು ಹೊಸೂರಿನ ಎಂಜಿನಿಯರ್‌ಗಳು ವರ್ಷಗಟ್ಟಲೆ ಕೂತರು. ಅವರನ್ನು ಯಾರೂ ಎಬ್ಬಿಸಲಿಲ್ಲ. ಮಳಿಗೆಯಲ್ಲಿ ಹಬ್ಬಕ್ಕೊಂದು ಹೊಸ ಮಾದರಿ ತರುವ ಕಂಪನಿಯೇ ಒಂದು ತಂಡಕ್ಕೆ ಇಷ್ಟು ಸಮಯ ಕೊಟ್ಟಿತು ಎಂಬುದು ನನಗೆ ಮುಖ್ಯ. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು.

ಈಗ ಎರಡನೆಯ ಪ್ರಶ್ನೆ. ತಡವಾಗುವುದು ಎಲ್ಲಿ?

ಇದಕ್ಕೆ ನಮ್ಮ ನಗರದ ಅತ್ಯಂತ ಬೇಸರದ ಉದಾಹರಣೆ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ತಂತ್ರಜ್ಞರು ಸೇರಿ ಕಲ್ಪಿಸಿದ ಅಂಗೈಯಗಲದ ಕಂಪ್ಯೂಟರ್ ಅದು. ಓದು ಬಾರದವರೂ ಬಳಸಬೇಕು, ಹಳ್ಳಿಯವರು ಹಂಚಿಕೊಂಡು ಬಳಸಬೇಕು, ನಮ್ಮ ಭಾಷೆಗಳಲ್ಲಿ ಮಾತನಾಡಬೇಕು ಎಂಬುದು ಆಸೆ. 1999ರಲ್ಲಿ ಟ್ರಸ್ಟ್ ಆಯಿತು, 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿಯನ್ನು ಜನರಿಗೆ ತೋರಿಸಿದರು. ಅಮೆರಿಕದ ಪತ್ರಿಕೆಗಳೂ ಹೊಗಳಿದವು. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಅಂಗಡಿಗೆ ಬಂದದ್ದು 2004ರ ಮಾರ್ಚ್‌ನಲ್ಲಿ. ಅದನ್ನು ಕೈಯಲ್ಲಿ ಹಿಡಿದು ವಾಲಿಸಿದರೆ ಪರದೆಗೆ ಅದು ತಿಳಿಯುತ್ತಿತ್ತು; ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಆದರೆ ಮಾರಾಟವಾದದ್ದು ಕೆಲವೇ ಸಾವಿರ.

ಮಾದರಿ ತೋರಿಸಿದ ದಿನದಿಂದ ಮಾರುಕಟ್ಟೆಗೆ ಬಂದ ದಿನದವರೆಗಿನ ಮೂರು ವರ್ಷದಲ್ಲಿ ಕೆಲಸದ ಸಮಯ ಎಷ್ಟು, ಕಾಯುವ ಸಮಯ ಎಷ್ಟು? ಉಪಕರಣವನ್ನು ತಿದ್ದಿ ತೀಡಿದ್ದು ಕೆಲಸ. ಬಂಡವಾಳ ಹಾಕುವವರನ್ನು, ತಯಾರಿಸುವವರನ್ನು, ಮೊದಲ ದೊಡ್ಡ ಗಿರಾಕಿಯನ್ನು ಹುಡುಕಿದ್ದು ಕಾಯುವಿಕೆ. ಸರ್ಕಾರಿ ಇಲಾಖೆಗಳು ಕೊಳ್ಳುತ್ತವೆ ಎಂಬ ನಿರೀಕ್ಷೆಯಲ್ಲಿ ಕಾಯುವುದು ಎಂದರೇನು ಎಂದು ಇಲ್ಲಿರುವ ಉದ್ಯಮಿಗಳಿಗೆ ವಿವರಿಸಬೇಕಾಗಿಲ್ಲ. ಈ ನಡುವೆ ಹೊರಗೆ ಲೋಕ ಬದಲಾಯಿತು. 2003ರಲ್ಲಿ ಒಳಬರುವ ಮೊಬೈಲ್ ಕರೆ ಉಚಿತವಾಯಿತು. ಅದೇ ವರ್ಷ ರಿಲಯನ್ಸ್ 501 ರೂಪಾಯಿ ಕಟ್ಟಿದವರಿಗೆ ಫೋನ್ ಕೊಟ್ಟಿತು. ಕನಿಷ್ಠ ಹತ್ತು ಸಾವಿರದ ಹತ್ತಿರ ಬೆಲೆಯಿದ್ದ ಸಿಂಪ್ಯೂಟರ್ ಯಾವ ಬಡವನಿಗಾಗಿ ಹುಟ್ಟಿತ್ತೋ ಆತ ಅಷ್ಟರಲ್ಲಿ ಮೊಬೈಲ್ ಹಿಡಿದಾಗಿತ್ತು. ಉಪಕರಣದ ಬುದ್ಧಿವಂತಿಕೆಯಲ್ಲಿ ಕೊರತೆಯಿರಲಿಲ್ಲ. 2001ರಲ್ಲಿ ಸರಿಯಾಗಿದ್ದ ಉತ್ತರಕ್ಕೆ 2004ರಲ್ಲಿ ಪ್ರಶ್ನೆಯೇ ಉಳಿದಿರಲಿಲ್ಲ.

ಇಷ್ಟು ದೊಡ್ಡ ಸಂಗತಿಯನ್ನು ಬಿಟ್ಟು ಸಣ್ಣದಕ್ಕೆ ಇಳಿಯುತ್ತೇನೆ, ಯಾಕೆಂದರೆ ನಾನು ಕೆಲಸ ಕಲಿತದ್ದು ಅಚ್ಚು ತಯಾರಿಸುವ ಟೂಲ್ ರೂಮಿನಲ್ಲಿ, ಅಲ್ಲಿನ ಮಾತು ನನಗೆ ಸಲೀಸು. ಪೀಣ್ಯ ಕೈಗಾರಿಕಾ ಪ್ರದೇಶದ ಯಾವುದೇ ಅಡ್ಡರಸ್ತೆಗೆ ಹೋಗಿ, ಸ್ಕೂಟರಿನ ಮೀಟರಿಗೆ ಹಾಕುವ ಒಂದು ಪ್ಲಾಸ್ಟಿಕ್ ಹೊದಿಕೆಯ ಅಚ್ಚು ಹೇಗೆ ಆಗುತ್ತದೆ ನೋಡಿ. ಡ್ರಾಯಿಂಗ್ ಬರುತ್ತದೆ. ಅಚ್ಚಿನ ವಿನ್ಯಾಸ ಆಗುತ್ತದೆ. ಉಕ್ಕಿನ ಬ್ಲಾಕ್ ತರಿಸಬೇಕು, ಒರಟಾಗಿ ಕೊರೆಯಬೇಕು, ಹೀಟ್ ಟ್ರೀಟ್‌ಮೆಂಟಿಗೆ ಕಳಿಸಬೇಕು, ಮತ್ತೆ ಸಿಎನ್‌ಸಿ ಯಂತ್ರದಲ್ಲಿ ನಯಮಾಡಬೇಕು, ಸಿಎನ್‌ಸಿಯ ಕಟರ್ ಹೋಗದ ಮೂಲೆಗಳನ್ನು ಸ್ಪಾರ್ಕ್ ಮತ್ತು ವೈರ್‌ಕಟ್ ಯಂತ್ರಗಳಲ್ಲಿ ತೆಗೆಯಬೇಕು, ಪಾಲಿಶ್ ಮಾಡಬೇಕು, ಜೋಡಿಸಬೇಕು, ಮೆಷಿನ್‌ಗೆ ಏರಿಸಿ ಟ್ರಯಲ್ ನೋಡಬೇಕು. ಮೊದಲ ಟ್ರಯಲ್‌ನಲ್ಲಿ ಬರುವ ಪೀಸು ಸರಿಯಾಗಿರುವುದು ಅಪರೂಪ. ಪ್ಲಾಸ್ಟಿಕ್ ತಣಿಯುವಾಗ ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಅನುಭವಿ ಟೂಲ್ ಮೇಕರ್ ಮೊದಲೇ ಉಕ್ಕನ್ನು ಸ್ವಲ್ಪ ಉಳಿಸಿಕೊಂಡಿರುತ್ತಾನೆ. ಉಳಿದದ್ದನ್ನು ಆಮೇಲೆ ಕೆರೆದು ತೆಗೆಯಬಹುದು. ಹೆಚ್ಚು ತೆಗೆದುಬಿಟ್ಟರೆ ವೆಲ್ಡಿಂಗ್ ಮಾಡಿ ತುಂಬಬೇಕು, ಆ ಗುರುತು ಪ್ರತಿ ಪೀಸಿನ ಮೇಲೂ ಕಾಣುತ್ತದೆ. ಎರಡನೆಯ ಟ್ರಯಲ್, ಮೂರನೆಯ ಟ್ರಯಲ್ ಎಂಬುವು ಸೋಮಾರಿತನದ ಲಕ್ಷಣವಲ್ಲ, ಕೆಲಸದ ಸ್ವಭಾವ.

ಈ ಸರಣಿಯಲ್ಲಿ ಅಚ್ಚಿನ ಮೇಲೆ ನಿಜವಾಗಿ ಯಂತ್ರ ಓಡುವ ಗಂಟೆಗಳನ್ನೂ, ಅಚ್ಚು ಸುಮ್ಮನೆ ಕೂತಿರುವ ಗಂಟೆಗಳನ್ನೂ ಬೇರೆ ಬೇರೆ ಬರೆದಿಡುವ ಟೂಲ್ ರೂಮ್ ಅಪರೂಪ. ಬರೆದಿಟ್ಟವರಿಗೆ ಗೊತ್ತು: ಕೂತಿರುವ ಗಂಟೆಗಳೇ ಹೆಚ್ಚು. ಗಿರಾಕಿ ಕಂಪನಿಯಿಂದ ವಿನ್ಯಾಸಕ್ಕೆ ಒಪ್ಪಿಗೆ ಬರಬೇಕು, ಖರೀದಿ ಆದೇಶ, ಅಂದರೆ ಪಿ.ಒ. ಬರಬೇಕು, ಅಡ್ವಾನ್ಸ್ ಬರಬೇಕು, ಹೀಟ್ ಟ್ರೀಟ್‌ಮೆಂಟಿನವನ ಕುಲುಮೆಯಲ್ಲಿ ಸರದಿ ಬರಬೇಕು. ನಡುವೆ ಡ್ರಾಯಿಂಗಿನ ಹೊಸ ರೆವಿಷನ್ ಬಂದರೆ ಹಿಂದಕ್ಕೆ ಹೋಗಬೇಕು. ಮೂರು ಆಯಾಮದ ಪ್ರಿಂಟಿಂಗ್ ಬಂದ ಮೇಲೆ ಮಾದರಿಯನ್ನು ಒಂದೆರಡು ದಿನದಲ್ಲಿ ಕೈಗೆ ತೆಗೆದುಕೊಳ್ಳಬಹುದು. ಇದರಿಂದ ಲಾಭವಾಗಿದೆ. ಜೊತೆಗೆ ಒಂದು ಭ್ರಮೆಯೂ ಹುಟ್ಟಿದೆ: ಮಾದರಿ ಎರಡು ದಿನದಲ್ಲಿ ಬಂತಲ್ಲ, ಅಚ್ಚಿಗೆ ಯಾಕೆ ಎರಡು ತಿಂಗಳು ಎಂದು ಕೇಳುವ ಮ್ಯಾನೇಜರುಗಳ ಸಂಖ್ಯೆ ಹೆಚ್ಚಿದೆ.

ಕಾಯುವ ಸಮಯವನ್ನು ಯಾರೂ ಯಾಕೆ ಕತ್ತರಿಸುವುದಿಲ್ಲ? ಅದು ಮೇಲಿನವರ ಸಮಯ. ಒಪ್ಪಿಗೆಯ ಸಹಿ ತಡವಾದರೆ ಕೇಳುವ ಧೈರ್ಯ ಕೆಳಗಿನವರಿಗಿಲ್ಲ. ಪರೀಕ್ಷೆಯ ಸಮಯವಾದರೋ ಸಾಲಿನ ಕೊನೆಯಲ್ಲಿದೆ. ಬಿಡುಗಡೆಯ ದಿನ ಮೊದಲೇ ಗೊತ್ತಾಗಿರುವುದರಿಂದ ಹಿಂದೆ ಎಲ್ಲೇ ತಡವಾದರೂ ಆ ದಿನಗಳೆಲ್ಲ ಕೊನೆಯವನ ಲೆಕ್ಕದಿಂದ ಹೋಗುತ್ತವೆ. ನಮ್ಮಲ್ಲಿ ಬಿಡುಗಡೆಯ ದಿನವನ್ನು ಗೊತ್ತುಮಾಡುವುದು ಎಂಜಿನಿಯರ್ ಅಲ್ಲ, ಪಂಚಾಂಗ. ಆಷಾಢದಲ್ಲಿ ಗಾಡಿ ಕೊಳ್ಳುವವರಿಲ್ಲ. ವರಮಹಾಲಕ್ಷ್ಮಿ, ಗಣೇಶ, ಆಯುಧಪೂಜೆ, ದೀಪಾವಳಿ ಸಾಲಾಗಿ ಬರುತ್ತವೆ. ಅವು ತಪ್ಪಿದರೆ ಯುಗಾದಿಯವರೆಗೆ ಕಾಯಬೇಕು. ವಿತರಕನಿಗೆ ಸರಕು ಹಬ್ಬಕ್ಕೆ ಮುಂಚೆ ತಲುಪಬೇಕೆಂದರೆ ಕಾರ್ಖಾನೆ ಅದಕ್ಕೂ ಮೊದಲು ಓಡಬೇಕು. ಹೀಗೆ ಹಬ್ಬದಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ ಪರೀಕ್ಷೆಗೆ ಉಳಿಯುವುದು ಆಷಾಢ ಮಾತ್ರ, ಅದೂ ಅಚ್ಚು ಸಮಯಕ್ಕೆ ಬಂದಿದ್ದರೆ. ಹಬ್ಬವನ್ನು ದೂರುವುದರಲ್ಲಿ ಅರ್ಥವಿಲ್ಲ. ಗಿರಾಕಿ ಕೊಳ್ಳುವ ಕಾಲವನ್ನು ಗೌರವಿಸಲೇಬೇಕು. ಈ ಹಬ್ಬ ತಪ್ಪಿದರೆ ಮುಂದಿನ ಹಬ್ಬ ಎಂದು ಹೇಳುವ ಎದೆಗಾರಿಕೆ ಮೇಲಿನವರಿಗೆ ಇರಬೇಕು, ಅಷ್ಟೆ. ಸರ್ಕಾರದ ಕಾಮಗಾರಿಗಳಲ್ಲಿ ಮಾತ್ರ ಈ ಎದೆಗಾರಿಕೆ ಧಾರಾಳವಾಗಿದೆ. ನಾಗಸಂದ್ರದಿಂದ ಮಾದಾವರದವರೆಗಿನ ಮೂರು ಕಿಲೋಮೀಟರಿನ ಮೆಟ್ರೊ 2024ರ ನವೆಂಬರ್ 7ರಂದು ಓಡತೊಡಗಿತು. ಅದಕ್ಕೆ ಮುಂಚೆ ಎಷ್ಟು ಹಬ್ಬಗಳು ತಪ್ಪಿದವೆಂದು ಈ ಭಾಗದವರಾದ ನಿಮಗೆ ಗೊತ್ತಿದೆ.

ಕಾಯುವ ಸಮಯವನ್ನು ಕತ್ತರಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2020ರಲ್ಲಿ ಕೋವಿಡ್ ಬಂದು ದೇಶ ಬೀಗ ಹಾಕಿಕೊಂಡಾಗ ಕೇಂದ್ರ ಸರ್ಕಾರ ಭಾರತ್ ಎಲೆಕ್ಟ್ರಾನಿಕ್ಸ್‌ಗೆ 30,000 ವೆಂಟಿಲೇಟರ್‌ಗಳ ಬೇಡಿಕೆ ಇಟ್ಟಿತು. ವಿನ್ಯಾಸ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯದು, ನೆರವಿಗೆ ಡಿಆರ್‌ಡಿಒ. ಹೊರದೇಶದಿಂದ ಬರುತ್ತಿದ್ದ ವಾಲ್ವ್, ಸೆನ್ಸರ್‌ಗಳು ಸಿಗದಂತಾದಾಗ ಅವನ್ನು ಇಲ್ಲಿಯೇ ಮಾಡಿಸಿದರು. ಕೆಲವೇ ತಿಂಗಳಲ್ಲಿ ಅಷ್ಟೂ ಯಂತ್ರಗಳು ಸಿದ್ಧವಾದವು. ಇದನ್ನು ತಿಂಗಳುಗಳ ಪವಾಡವೆಂದು ಪತ್ರಿಕೆಗಳು ಬರೆದವು. ಆದರೆ ಸ್ಕ್ಯಾನ್‌ರೇ ಹುಟ್ಟಿದ್ದು 2007ರಲ್ಲೇ. ವೈದ್ಯಕೀಯ ಉಪಕರಣದ ಜ್ಞಾನ ಅಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಶೇಖರವಾಗಿತ್ತು. 2020ರಲ್ಲಿ ಹೊಸದಾಗಿ ಆದದ್ದೇನೆಂದರೆ, ಯಾರು ಕೊಳ್ಳುತ್ತಾರೆ, ಎಷ್ಟು ಕೊಳ್ಳುತ್ತಾರೆ ಎಂಬ ಪ್ರಶ್ನೆ ಮೊದಲೇ ಇತ್ಯರ್ಥವಾಯಿತು. ಸಿಂಪ್ಯೂಟರಿಗೆ ಸಿಗದೇ ಹೋದದ್ದು ಇದೇ. ತಯಾರಿಸಿದ ಸಂಸ್ಥೆ ಎರಡಕ್ಕೂ ಒಂದೇ ಎಂಬುದನ್ನು ಗಮನಿಸಿ.

ಇನ್ನು ಮೂರನೆಯ ಮತ್ತು ಕೊನೆಯ ಪ್ರಶ್ನೆ. ಅವಸರದ ಬೆಲೆ ತೆರುವವರು ಯಾರು?

ವಿದ್ಯುತ್ ವಾಹನಗಳ ಕಡೆ ನೋಡೋಣ. ಈ ವಿಷಯದಲ್ಲಿ ಬೆಂಗಳೂರು ದೇಶಕ್ಕೇ ಮುಂದಿತ್ತು. ಬೊಮ್ಮಸಂದ್ರದಲ್ಲಿ ಚೇತನ್ ಮೈನಿ ಅವರ ರೇವಾ ಕಾರು 2001ರಲ್ಲೇ ಮಾರುಕಟ್ಟೆಗೆ ಬಂತು, ಲಂಡನ್ನಿನ ಬೀದಿಗಳಲ್ಲೂ ಓಡಿತು. ಲೆಡ್ ಆಸಿಡ್ ಬ್ಯಾಟರಿಯ ಕಾಲ ಅದು; ಚಾರ್ಜ್ ಮಾಡಲು ಮನೆಯ ಪ್ಲಗ್ಗೇ ಗತಿ. 2010ರಲ್ಲಿ ಮಹೀಂದ್ರ ಅದನ್ನು ಕೊಂಡಿತು. ರೇವಾ ತೀರಾ ಮುಂಚೆ ಬಂತು ಎನ್ನುವುದು ಸಾಮಾನ್ಯ ತೀರ್ಪು, ನನಗೂ ಅದಕ್ಕಿಂತ ಬೇರೆ ಹೇಳಲು ತೋರುವುದಿಲ್ಲ.

ಅನಂತರ ಬಂದವರಲ್ಲಿ ಇಬ್ಬರ ದಾರಿಗಳನ್ನು ಪಕ್ಕಪಕ್ಕ ಇಡುತ್ತೇನೆ. ಏಥರ್ ಎನರ್ಜಿ 2013ರಲ್ಲಿ ಹುಟ್ಟಿತು. ತನ್ನ ಸ್ಕೂಟರನ್ನು 2016ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ತೋರಿಸಿತು, ಗಿರಾಕಿಯ ಕೈಗೆ ಕೊಟ್ಟದ್ದು 2018ರ ಸೆಪ್ಟೆಂಬರ್‌ನಲ್ಲಿ. ಮೊದಲು ಬೆಂಗಳೂರು ಮಾತ್ರ, ಅದಾದ ಮೇಲೆ ಚೆನ್ನೈ. ಆರಂಭದಲ್ಲಿ ತಯಾರಿಕೆ ವೈಟ್‌ಫೀಲ್ಡಿನಲ್ಲಿತ್ತು. ಚಾರ್ಜಿಂಗ್ ಕೇಂದ್ರಗಳನ್ನೂ ತಾನೇ ಹಾಕಿಕೊಂಡಿತು. ಆಗ ಇದನ್ನು ಗೇಲಿ ಮಾಡಿದವರು ಬಹಳ ಜನ. ಓಲಾ ಎಲೆಕ್ಟ್ರಿಕ್ 2020ರಲ್ಲಿ ನೆದರ್‌ಲೆಂಡ್ಸ್‌ನ ಎಟರ್ಗೊ ಕಂಪನಿಯನ್ನು ಕೊಂಡು, 2021ರ ಆಗಸ್ಟ್ 15ರಂದು ಸ್ಕೂಟರ್ ಬಿಡುಗಡೆ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಕೊಡತೊಡಗಿತು. ಬಿಡುಗಡೆಯ ದಿನ ತೋರಿಸಿದ್ದ ಕೆಲವು ಸೌಲಭ್ಯಗಳು ಮುಂದಿನ ವರ್ಷ ಸಾಫ್ಟ್‌ವೇರ್ ಮೂಲಕ ಬಂದವು. ಓಲಾದ ವೇಗದಿಂದ ಆದ ಒಳಿತನ್ನೂ ಹೇಳಬೇಕು. ವಿದ್ಯುತ್ ಸ್ಕೂಟರ್ ಎಂಬುದು ಶ್ರೀಮಂತರ ಆಟಿಕೆ ಎಂಬ ಭಾವನೆ ಹೋಯಿತು, ಹಳೆಯ ಕಂಪನಿಗಳು ನಿದ್ದೆ ಬಿಟ್ಟವು, ಕೆಲವು ವರ್ಷ ಓಲಾವೇ ಮಾರಾಟದಲ್ಲಿ ಮೊದಲ ಸ್ಥಾನದಲ್ಲಿತ್ತು. ಆದರೆ 2024ರ ಅಕ್ಟೋಬರ್‌ನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಹತ್ತು ಸಾವಿರಕ್ಕೂ ಹೆಚ್ಚು ದೂರುಗಳ ಆಧಾರದ ಮೇಲೆ ಕಂಪನಿಗೆ ನೋಟಿಸ್ ಕೊಟ್ಟಿತು. ಶೇ 99ರಷ್ಟು ದೂರುಗಳನ್ನು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. 2025ರಲ್ಲಿ ಟಿವಿಎಸ್ ಮತ್ತು ಬಜಾಜ್ ಮುಂದೆ ಹೋದವು. ಇವೆರಡೂ 2020ರ ಜನವರಿಯಲ್ಲೇ ತಮ್ಮ ಸ್ಕೂಟರ್ ತಂದು, ಒಂದೊಂದೇ ಊರಿಗೆ ಕಾಲಿಡುತ್ತಾ, ಮೆಕ್ಯಾನಿಕ್‌ಗಳಿಗೆ ಕಲಿಸುತ್ತಾ ಬಂದಿದ್ದವು.

2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ, ಹಲವು ಕಂಪನಿಗಳ ವಿದ್ಯುತ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿತು. ಆಮೇಲೆ ಸರ್ಕಾರ ತಜ್ಞರ ಸಮಿತಿ ಮಾಡಿ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮವನ್ನು ಬಿಗಿಗೊಳಿಸಿತು. ಒಂದು ಸೆಲ್ ಕಾದರೆ ಪಕ್ಕದ ಸೆಲ್‌ಗೆ ಬೆಂಕಿ ಹರಡುತ್ತದೆಯೇ ಎಂದು ನೋಡುವುದೂ ಈ ಪರೀಕ್ಷೆಗಳಲ್ಲಿ ಸೇರಿತು. ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ ಜಾರಿಗೆ ಬಂತು. ಕಂಪನಿಗಳು ಉಳಿಸಿದ ಪರೀಕ್ಷೆಯ ಸಮಯವನ್ನು ಕಡೆಗೆ ಕಾನೂನು ಮರಳಿ ಹಾಕಿಸಿತು. ಆ ನಡುವಿನ ಅವಧಿಯಲ್ಲಿ ಪರೀಕ್ಷೆ ನಡೆದದ್ದು ಗಿರಾಕಿಯ ಮನೆಯ ಮುಂದೆ.

ಸಾಫ್ಟ್‌ವೇರಿನವರಿಗೂ ಒಂದು ಮಾತು. ಅವರ ವಿಷಯವನ್ನು ಬೇಗ ಮುಗಿಸುತ್ತೇನೆ, ಅವರಿಗೆ ಉಪನ್ಯಾಸಗಳ ಕೊರತೆಯಿಲ್ಲ. ಸಾಫ್ಟ್‌ವೇರಿನಲ್ಲಿ ತಪ್ಪನ್ನು ಅದೇ ದಿನ ತಿದ್ದಬಹುದು, ಆದ್ದರಿಂದ ಅರೆಬೆಂದದ್ದನ್ನು ಬಿಡುಗಡೆ ಮಾಡುವುದು ಅಲ್ಲಿ ಎಷ್ಟೋ ಸಲ ಜಾಣತನವೇ. ಬಸ್ ಟಿಕೆಟ್ ಮಾರುವ ರೆಡ್‌ಬಸ್ 2006ರಲ್ಲಿ ಕೆಲವೇ ಬಸ್ಸಿನವರ ಕೆಲವೇ ಸೀಟುಗಳಿಂದ ಆರಂಭವಾಗಿ ಹಾಗೇ ಕಲಿಯುತ್ತ ಬೆಳೆಯಿತು. ಆದರೆ 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಸುರಕ್ಷತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್ ಸುಮಾರು 85 ಲಕ್ಷ ಕಂಪ್ಯೂಟರ್‌ಗಳನ್ನು ಕೆಡವಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಬಸ್ಸಿನ ಸೀಟಿಗೆ ಸಲ್ಲುವ ನಿಯಮ ಬ್ರೇಕಿಗೆ, ಬ್ಯಾಟರಿಗೆ, ಆಸ್ಪತ್ರೆಯ ಯಂತ್ರಕ್ಕೆ ಸಲ್ಲುವುದಿಲ್ಲ.

ಗಿರಾಕಿಯ ನಂತರ ಅವಸರದ ಬೆಲೆ ತೆರುವ ಎರಡನೆಯವನು ಸಣ್ಣ ಕಾರ್ಖಾನೆಯ ಮಾಲೀಕ. ದೊಡ್ಡ ಕಂಪನಿಗೆ ಬಿಡಿಭಾಗ ಹತ್ತು ದಿನದಲ್ಲಿ ಬೇಕು. ಪೀಣ್ಯದ ಸಣ್ಣ ಘಟಕ ಹಗಲು ರಾತ್ರಿ ಎರಡು ಪಾಳಿ ಓಡಿಸಿ, ಭಾನುವಾರ ಓವರ್‌ಟೈಮ್ ಕೊಟ್ಟು, ಹತ್ತು ದಿನದಲ್ಲಿ ಕೊಡುತ್ತದೆ. ಬಿಲ್ಲಿನ ಹಣ ಬರುವುದು ತೊಂಬತ್ತು ದಿನಕ್ಕೆ, ಕೆಲವೊಮ್ಮೆ ನೂರಿಪ್ಪತ್ತಕ್ಕೆ. ಸರಕು ಓಡಿ ಹೋಗುತ್ತದೆ, ಹಣ ನಡೆದು ಬರುತ್ತದೆ. ಕಾನೂನು ಇಲ್ಲವೆಂದಲ್ಲ. ಸಣ್ಣ ಉದ್ಯಮಗಳಿಗಾಗಿ ಬಂದ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಪಾವತಿ 45 ದಿನ ಮೀರುವಂತಿಲ್ಲ; ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರ್ ಸಿಗುವುದಿಲ್ಲ ಎಂಬುದು ಕಾಯ್ದೆಯಲ್ಲಿ ಬರೆಯದ ಕಲಮು. ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಮು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಸ್ವಲ್ಪ ಬದಲಾವಣೆಯಿದೆ: ಅವಧಿಯೊಳಗೆ ಪಾವತಿಸದ ಬಾಕಿಯನ್ನು ದೊಡ್ಡ ಕಂಪನಿ ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. ಅದರಿಂದ ಕೆಲವರು ಬೇಗ ಪಾವತಿಸುತ್ತಿದ್ದಾರೆ, ಕೆಲವರು ಸಣ್ಣ ಉದ್ಯಮವೆಂಬ ನೋಂದಣಿಯಿಲ್ಲದವರಿಗೆ ಆರ್ಡರ್ ಕೊಡುವ ಜಾಣತನ ಕಲಿತಿದ್ದಾರೆ.

ಇದಕ್ಕೂ ಹೊಸತನಕ್ಕೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಬಹುದು. ನೇರ ಸಂಬಂಧವಿದೆ. ಮೂರು ತಿಂಗಳ ಬಿಲ್ ಬಾಕಿಯಿರುವ ಟೂಲ್ ರೂಮಿನ ಮಾಲೀಕ ಹೊಸ ಯಂತ್ರ ಕೊಳ್ಳುವುದಿಲ್ಲ, ಹೊಸ ಉಕ್ಕನ್ನು ಪ್ರಯೋಗ ಮಾಡುವುದಿಲ್ಲ, ಡ್ರಾಯಿಂಗಿನಲ್ಲಿ ತಪ್ಪು ಕಂಡರೂ ಹೇಳುವುದಿಲ್ಲ. ಹೇಳಿದರೆ ರೆವಿಷನ್ ಆಗುತ್ತದೆ, ರೆವಿಷನ್ ಆದರೆ ಬಿಲ್ ಇನ್ನೂ ತಡ. ಈ ಗೋಡೆಯ ದಪ್ಪ ಕಡಿಮೆಯಾಯಿತು, ಬೇಸಿಗೆಯಲ್ಲಿ ಸೊಟ್ಟಗಾಗುತ್ತದೆ ಎಂದು ಹೇಳಬಲ್ಲವನು ಅವನೊಬ್ಬನೇ. ಅವನ ಬಾಯಿ ಕಟ್ಟಿದ ಕಂಪನಿ ಎಷ್ಟೇ ದೊಡ್ಡ ಸಂಶೋಧನಾ ವಿಭಾಗ ಇಟ್ಟುಕೊಂಡರೂ ಅದೇ ತಪ್ಪನ್ನು ಆರು ತಿಂಗಳ ನಂತರ ಗಿರಾಕಿಯ ದೂರಿನಿಂದ ತಿಳಿಯುತ್ತದೆ.

ಆದ್ದರಿಂದ ಈ ಸಭೆಯಲ್ಲಿರುವ ದೊಡ್ಡ ಕಂಪನಿಗಳ ಖರೀದಿ ವಿಭಾಗದವರಲ್ಲಿ ನನ್ನ ವಿನಂತಿ ಎರಡು. ಮುಂದಿನ ಹೊಸ ಉತ್ಪನ್ನದ ವೇಳಾಪಟ್ಟಿ ಬರೆಯುವಾಗ ಪರೀಕ್ಷೆಯ ದಿನಗಳನ್ನು ಮೊದಲು ಬರೆದು, ಒಪ್ಪಿಗೆಯ ಸಹಿಗೂ ಒಂದು ಗಡುವನ್ನೂ ಒಂದು ಹೆಸರನ್ನೂ ಹಾಕಿ. ಪಿ.ಒ.ದಲ್ಲಿ ಸರಕು ತಲುಪಿಸುವ ದಿನಾಂಕದ ಪಕ್ಕದಲ್ಲೇ ಹಣ ಪಾವತಿಸುವ ದಿನಾಂಕವನ್ನೂ ಮುದ್ರಿಸಿ. ಪೀಣ್ಯದವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಊಟಕ್ಕೆ ಏಳುವ ಮುಂಚೆ ಇವತ್ತೇ ಮಾತನಾಡಿಕೊಳ್ಳಬಹುದು.